ನೀಲಿಗೇಟಿನ ಸುತ್ತು

ಅವಳ ಅಪ್ಪ ಹನ್ನೊಂದು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಿದ್ದ. ಹದಿನಾಲ್ಕು ಮಕ್ಕಳು, ಹನ್ನೆರಡು ಕಡೆ ನಿಲುಗಡೆ. ಮಕ್ಕಳ ಹೆಸರು ಅವನ ನಾಲಿಗೆಗೆ ಹತ್ತುತ್ತಿರಲಿಲ್ಲ. ಅವರು ಎಲ್ಲಿ ವ್ಯಾನು ಹತ್ತುತ್ತಾರೋ ಅದೇ ಅವರ ಹೆಸರು. ಮೂರನೇ ಮಹಡಿ, ಪೇಂಟಂಗಡಿ, ಮೂಲೆಮನೆ, ನಾಯಿಮನೆ. ನಾಯಿಮನೆಯ ಹುಡುಗನಿಗೆ ಮಾತ್ರ ಇದರಿಂದ ಬೇಸರ. “ನಮ್ಮನೆ ನಾಯಿ ಸತ್ತು ಒಂದು ವರ್ಷ ಆಯ್ತು ಮಾಮಾ” ಎಂದು ಅವನು ನೆನಪು ಮಾಡಿದರೆ, “ಹೌದಲ್ವಾ, ಪಾಪ. ಬೇಗ ಹತ್ತು ನಾಯಿಮನೆ, ಹೊತ್ತಾಯ್ತು” ಎನ್ನುತ್ತಿದ್ದ.

ಮಕ್ಕಳು ಅವನನ್ನು ವ್ಯಾನ್ ಮಾಮ ಎಂದೂ ಅವನ ಮಗಳನ್ನು ವ್ಯಾನಕ್ಕ ಎಂದೂ ಕರೆಯುತ್ತಿದ್ದರು. ಮಾಮನ ಮಗಳು ಅಕ್ಕ ಹೇಗಾಗುತ್ತಾಳೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ವ್ಯಾನಕ್ಕ ಅದೇ ಶಾಲೆಯಲ್ಲಿ ಹನ್ನೊಂದನೇ ತರಗತಿ ಓದುತ್ತಿದ್ದಳು. ಜಾರುವ ಬಾಗಿಲ ಪಕ್ಕದ ಸೀಟು ಅವಳದು. ಬಾಗಿಲು ತೆಗೆಯುವುದು, ಚಿಕ್ಕವರ ಚೀಲ ಎಳೆದುಕೊಳ್ಳುವುದು, ಬೆರಳು ಸಿಕ್ಕಿಕೊಳ್ಳದ ಹಾಗೆ ಬಾಗಿಲು ಹಾಕಿ “ಹೂಂ ಅಪ್ಪಾ” ಎನ್ನುವುದು ಅವಳ ಕೆಲಸ. ಆ “ಹೂಂ” ಕೇಳದೆ ಅಪ್ಪ ಕ್ಲಚ್ಚಿನಿಂದ ಕಾಲು ತೆಗೆಯುತ್ತಿರಲಿಲ್ಲ.

ಅಮ್ಮನಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಖಾಲಿ ಹೊಟ್ಟೆಯಲ್ಲಿ ಕಾಯುತ್ತ ಕೂತವರ ಮನೆಗಳಿಗೆ ಹೋಗಿ ರಕ್ತ ತೆಗೆದು ತರುವವಳು ಅವಳು. ಬೆಳಿಗ್ಗೆ ಆರಕ್ಕೇ ಹೊರಟುಬಿಡುತ್ತಿದ್ದಳು. ಹಾಗಾಗಿ ಅಪ್ಪ ಮಗಳು ಇಬ್ಬರೇ ತಿಂಡಿ ತಿಂದು, ಇಬ್ಬರೇ ಬೀಗ ಹಾಕಿ ಹೊರಡುವುದು ರೂಢಿ. ಅಪ್ಪ ಬಾಯಿಬಡುಕ. ಗೇರು ಬದಲಾಯಿಸಿದಷ್ಟೇ ಸಲೀಸಾಗಿ ವಿಷಯ ಬದಲಾಯಿಸುತ್ತಿದ್ದ. ಮಗಳು ಹೂಂಗುಟ್ಟುತ್ತಿದ್ದಳು.

ಅವಳು ಮಾತು ಕಡಿಮೆ ಮಾಡಿದ್ದು ಹದಿಮೂರನೇ ವಯಸ್ಸಿನಲ್ಲಿ. ಆ ವರ್ಷ ತರಗತಿಯ ಹುಡುಗಿಯರೆಲ್ಲ ಹುಡುಗರ ವಿಷಯಕ್ಕೆ ಪಿಸುಗುಟ್ಟತೊಡಗಿದ್ದರು. ಅವಳಿಗೆ ಆ ಮಾತಿನಲ್ಲಿ ಏನು ಸ್ವಾರಸ್ಯ ಎಂದು ಹೊಳೆಯುತ್ತಿರಲಿಲ್ಲ. ಪಿಸುಗುಟ್ಟುವ ಹುಡುಗಿಯರಲ್ಲೇ ಒಬ್ಬಳ ಕುತ್ತಿಗೆಯ ಮೇಲಿನ ಮಚ್ಚೆಯನ್ನು ನೋಡುತ್ತ ಕೂತುಬಿಡುತ್ತಿದ್ದಳು. ಎಲ್ಲರೂ ನಕ್ಕ ಮೇಲೆ, ಅರೆಗಳಿಗೆ ತಡವಾಗಿ, ತಾನೂ ನಗುತ್ತಿದ್ದಳು. ನಾಲ್ಕು ವರ್ಷ ಹೀಗೆ ತಡವಾಗಿ ನಕ್ಕು ಅವಳಿಗೆ ಸಾಕಾಗಿತ್ತು. ತನ್ನ ಹಾಗೆ ಇನ್ನೊಬ್ಬರು ಇರಬಹುದು ಎಂಬುದು ಗೊತ್ತಿತ್ತು, ಆದರೆ ಅವರೆಲ್ಲ ಫೋನಿನ ಪರದೆಯೊಳಗೆ ಇರುವವರು, ಬೇರೆ ಭಾಷೆ ಆಡುವವರು. ಈ ಊರಿನ ಬೀದಿಯಲ್ಲಿ, ಚೀಲ ಹೊತ್ತು ನಿಂತವರಲ್ಲಿ ಯಾರಾದರೂ ಸಿಗುತ್ತಾರೆಂಬ ಆಸೆಯನ್ನು ಅವಳು ಇಟ್ಟುಕೊಂಡಿರಲಿಲ್ಲ.

ಶಾಲೆ ಶುರುವಾದ ಎರಡನೇ ವಾರ ನೀಲಿಗೇಟು ಬಂದಳು.

ಅವಳ ಅಪ್ಪನಿಗೆ ವರ್ಗವಾಗಿ ಹೊಸದಾಗಿ ಊರಿಗೆ ಬಂದ ಸಂಸಾರ. ಮನೆಯ ಗೇಟಿಗೆ ಆಗಷ್ಟೇ ಬಣ್ಣ ಹೊಡೆಸಿದ್ದರು. ಮೊದಲ ದಿನ ಅವಳ ಬಿಳಿ ಅಂಗಿಯ ತೋಳಿಗೂ ಒಂದು ಗೀರು ನೀಲಿ ಅಂಟಿತ್ತು. ಅವಳೂ ಹನ್ನೊಂದನೇ ತರಗತಿ. ಹಿಂದಿನ ಸೀಟಿನಲ್ಲಿ ಕೂತವಳು ಎರಡು ತಿರುವು ದಾಟುವಷ್ಟರಲ್ಲಿ ಬಿಳಿಚಿಕೊಂಡು, “ನಂಗೆ ಗಾಡಿ ಆಗಲ್ಲ” ಎಂದು ಪ್ಲಾಸ್ಟಿಕ್ ಚೀಲ ಹೊರಗೆ ತೆಗೆದಳು. ಮಕ್ಕಳೆಲ್ಲ ಒಂದೇ ಸಲ ಆಚೆ ಸರಿದರು.

“ಬಾಗಿಲ ಹತ್ರ ಬಂದು ಕೂರಮ್ಮ, ಗಾಳಿ ಬರುತ್ತೆ” ಎಂದ ವ್ಯಾನ್ ಮಾಮ, ಕನ್ನಡಿಯಲ್ಲಿ ನೋಡುತ್ತ. “ವಾಂತಿ ಬಂದ್ರೆ ಬರ್ಲಿ, ನಾಚ್ಕೋಬೇಡ. ಈ ಗಾಡಿ ನೋಡದೇ ಇರೋದು ಏನೂ ಇಲ್ಲ.”

ಹಾಗೆ ಅವಳು ವ್ಯಾನಕ್ಕನ ಪಕ್ಕಕ್ಕೆ ಬಂದಳು. ವ್ಯಾನಕ್ಕನಿಗೆ ಏನು ಮಾಡಬೇಕೋ ತಿಳಿಯದೆ, “ಹೊರಗಿನ ಬೋರ್ಡು ಓದು, ಉಲ್ಟಾ ಓದು. ಹೊಟ್ಟೆ ಕಡೆ ಗಮನ ಹೋಗಲ್ಲ” ಎಂದಳು. ಅದು ಅವಳು ಅಲ್ಲೇ ಆಗಲೇ ಹುಟ್ಟಿಸಿಕೊಂಡ ಔಷಧ. ನೀಲಿಗೇಟು ಕಣ್ಣು ಕಿರಿದು ಮಾಡಿ ಹೊರಗೆ ನೋಡಿದಳು.

“ಡಿ… ಗ… ಡಿಗಟಂಪೇಂ.”

“ಪೇಂಟಂಗಡಿ!” ಎಂದು ಆಗಷ್ಟೇ ಹತ್ತುತ್ತಿದ್ದ ಪೇಂಟಂಗಡಿಯೇ ಕಿರುಚಿದ. ವಾಂತಿ ಬರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಇಬ್ಬರೂ ಉಲ್ಟಾ ಮಾತಿನಲ್ಲಿ ಪಳಗಿಬಿಟ್ಟಿದ್ದರು. ನೀಲಿಗೇಟಿಗೆ ತಿರುವುಗಳಲ್ಲಿ ಹೆದರಿಕೆಯಾದಾಗ ವ್ಯಾನಕ್ಕನ ಮಣಿಕಟ್ಟು ಹಿಡಿದುಕೊಳ್ಳುವುದು ಅಭ್ಯಾಸವಾಯಿತು. ಆಮೇಲೆ ತಿರುವು ಇಲ್ಲದ ಕಡೆಯೂ ಹಿಡಿದುಕೊಳ್ಳತೊಡಗಿದಳು. ಒಂದು ಬೆಳಿಗ್ಗೆ ಪೇಂಟಂಗಡಿಯ ಮುಂದೆ ವ್ಯಾನು ನಿಂತು, ಹುಡುಗ ಓಡಿ ಬರುವುದನ್ನು ಕಾಯುತ್ತಿದ್ದಾಗ, ನೀಲಿಗೇಟು ಹೊರಗೆ ನೋಡುತ್ತಲೇ ಹೇಳಿದಳು:

“ಷ್ಟಗಿನಂನೀ.”

ಹೊರಗೆ ಅಂಥ ಬೋರ್ಡು ಯಾವುದೂ ಇರಲಿಲ್ಲ. ವ್ಯಾನಕ್ಕ ಒಂದೊಂದೇ ಅಕ್ಷರ ಹಿಂದಕ್ಕೆ ತಿರುಗಿಸಿಕೊಂಡಳು. ನೀ. ನಂ. ಗಿ. ಷ್ಟ. ಅವಳ ಕಿವಿ ಬಿಸಿಯಾಯಿತು.

ಮುಂದಿನಿಂದ ಅಪ್ಪ ಕೇಳಿದ: “ಯಾರದು ಸೀನಿದ್ದು? ಶೀತ ಆಯ್ತಾ?”

ಇಬ್ಬರೂ ಎಷ್ಟು ನಕ್ಕರೆಂದರೆ, ಆ ದಿನ ಮೊದಲ ಬಾರಿಗೆ ವ್ಯಾನಕ್ಕ ಬಾಗಿಲು ಹಾಕಿ “ಹೂಂ” ಎನ್ನಲು ಮರೆತಳು. ಈ ಸಲ ಅವಳು ತಡವಾಗಿ ನಕ್ಕಿರಲಿಲ್ಲ. ಅದು ಅವಳಿಗೆ ಮಧ್ಯಾಹ್ನ ಪಾಠದ ನಡುವೆ ಹೊಳೆಯಿತು. ಹೊಳೆದದ್ದೇ, ಬೆಂಚಿನ ಮೇಲೆ ತಲೆ ಇಟ್ಟುಕೊಂಡಳು.

ನಾಲ್ಕು ತಿಂಗಳು ಇದ್ದ ಸುಖ ಇಷ್ಟೇ: ಬೆಳಿಗ್ಗೆ ಇಪ್ಪತ್ತೈದು ನಿಮಿಷ, ಸಂಜೆ ಇಪ್ಪತ್ತೈದು ನಿಮಿಷ, ಸುತ್ತ ಹನ್ನೆರಡು ಮಕ್ಕಳ ಗಲಾಟೆ. ಶಾಲೆಯಲ್ಲಿ ಒಂದೇ ಪ್ರಯೋಗಾಲಯದ ಮೇಜು. ರಾತ್ರಿ ಊಟದ ಮೊದಲು ಫೋನಿನಲ್ಲಿ ಹತ್ತಾರು ಸಾಲು. ಆದರೆ ಹಸಿದವರಿಗೆ ಒಂದು ತುತ್ತೂ ಊಟವೇ.

ಆಟೋಟದ ತಾಲೀಮು ನಡೆಯುತ್ತಿದ್ದ ಒಂದು ಮಧ್ಯಾಹ್ನ ಇವರಿಬ್ಬರಿಗೂ ಬೇಗ ಬಿಟ್ಟಿತು. ವ್ಯಾನು ಶಾಲೆಯ ಗೋಡೆಯ ಪಕ್ಕ ಮರದ ನೆರಳಿಗೆ ನಿಂತಿತ್ತು. ಅಪ್ಪ ಟೈರಿಗೆ ಪಂಕ್ಚರ್ ಹಾಕಿಸಿಕೊಂಡು ಬರಲು ಹೋಗಿದ್ದ. ಒಳಗೆ ಇಬ್ಬರೇ. ನೀಲಿಗೇಟು ವ್ಯಾನಕ್ಕನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಆಮೇಲೆ ಆ ಅಂಗೈಗೆ ಒಂದು ಮುತ್ತು ಕೊಟ್ಟಳು. ವ್ಯಾನಕ್ಕ ತಲೆ ಬಗ್ಗಿಸಿ ಅವಳ ಹಣೆಗೆ ಹಣೆ ಹಚ್ಚಿದಳು.

ಹೊರಗೆ ಕಬ್ಬಿಣ ನೆಲಕ್ಕೆ ಬಿದ್ದ ದೊಡ್ಡ ಸದ್ದಾಯಿತು.

“ಜಾಕು ಕೈ ಜಾರ್ತು” ಎಂದು ಅಪ್ಪ ಹಿಂದಿನಿಂದ ಕೂಗಿ ಹೇಳಿದ, ಯಾರೂ ಕೇಳದಿದ್ದರೂ. ಅವನ ಕೈಯಿಂದ ಏನಾದರೂ ಜಾರಿದ್ದನ್ನು ಮಗಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ತಿರುಗಿ ನೋಡಿದಾಗ ಹಿಂದಿನ ಗಾಜಿನ ಆಚೆ ಅವನು ಟೈರನ್ನು ಒಂದು ಕೈಯಲ್ಲಿ ಹಿಡಿದು, ಶಾಲೆಯ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಮರುದಿನ ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆಯುತ್ತ, ಅವಳ ಮುಖ ನೋಡದೆ ಹೇಳಿದ: “ಇನ್ಮೇಲೆ ನೀನು ಮುಂದೆ ಕೂತ್ಕೋ ಮಗಾ. ಬಾಗಿಲು ಮೂಲೆಮನೆ ನೋಡ್ಕೊಳ್ತಾನೆ, ಅವನೂ ದೊಡ್ಡವನಾದ.”

ಅವಳು ಮುಂದೆ ಕೂತಳು. ಅಪ್ಪ ರೇಡಿಯೋ ಹಾಕಿದ. ಹನ್ನೊಂದು ವರ್ಷ ಆ ರೇಡಿಯೋ ಅವನ ಬಾಯಿಗೆ ಹೆದರಿ ಸುಮ್ಮನಿತ್ತು. ಈಗ ರೇಡಿಯೋ ಮಾತಾಡಿತು, ಅಪ್ಪ ಸುಮ್ಮನಾದ. ಹಿಂದಿನ ಸೀಟಿನಲ್ಲಿ ನೀಲಿಗೇಟು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಆ ವಾರ ಎರಡು ಸಲ ಅವಳಿಗೆ ವಾಂತಿಯಾಯಿತು.

ಮಕ್ಕಳ ಕಣ್ಣು ದೊಡ್ಡವರ ಕಣ್ಣಿಗಿಂತ ಚುರುಕು, ಬಾಯಿಗೆ ಬೀಗ ಇರುವುದಿಲ್ಲ. ಒಂದು ಸಂಜೆ ನೀಲಿಗೇಟನ್ನು ಇಳಿಸುವಾಗ ಅವಳ ಅಮ್ಮ ಗೇಟಿನ ಬಳಿಯೇ ಇದ್ದರು. ಮೂರನೇ ಮಹಡಿಯ ಪುಟ್ಟ ಹುಡುಗಿ, ಮುಂದಿನ ಎರಡು ಹಲ್ಲು ಉದುರಿದ ಬಾಯಿಂದ, ಒಳ್ಳೆಯ ಮನಸ್ಸಿನಿಂದಲೇ ಹೇಳಿಬಿಟ್ಟಳು: “ಆಂಟೀ, ನೀಲಿಗೇಟಕ್ಕ ದಿನಾ ಅಳ್ತಾಳೆ. ಮೊದ್ಲು ವ್ಯಾನಕ್ಕನ ಕೈ ಹಿಡ್ಕೊಂಡು ಕೂರ್ತಿದ್ಲು, ಈಗ ಮಾಮ ವ್ಯಾನಕ್ಕನ್ನ ಮುಂದೆ ಕೂರ್ಸಿಬಿಟ್ರು. ಮಾಮಂಗೆ ನೀವು ಹೇಳಿ.”

ಅಂದು ರಾತ್ರಿ ಫೋನಿಗೆ ಒಂದು ಸಾಲೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ನೀಲಿ ಗೇಟಿನ ಮುಂದೆ ಎರಡು ಸಲ ಹಾರ್ನ್ ಮಾಡಿದ. ಚೀಲ ಹೊತ್ತ ಹುಡುಗಿ ಬರಲಿಲ್ಲ, ಅವಳ ಅಮ್ಮ ಬಂದರು. ಹಿಂದೆ ಬಾಗಿಲಲ್ಲಿ ಅವಳ ಅಪ್ಪ ಕೈ ಕಟ್ಟಿಕೊಂಡು ನಿಂತಿದ್ದರು.

“ಇವತ್ತಿಂದ ಅವಳು ವ್ಯಾನಲ್ಲಿ ಬರಲ್ಲ. ಅವಳಣ್ಣ ಬೈಕಲ್ಲಿ ಬಿಡ್ತಾನೆ.”

“ಯಾಕಮ್ಮಾ? ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ನಿಮ್ಮ ಮಗಳನ್ನೇ ಕೇಳಿ. ನಮ್ಮವಳ ಫೋನಲ್ಲಿ ಎಲ್ಲಾ ಓದಿದ್ದೀವಿ ನಾವು. ಇಂಥವಳನ್ನ ಚಿಕ್ಕ ಮಕ್ಕಳ ಮಧ್ಯೆ ಕೂರಿಸ್ಕೊಂಡು ಓಡಾಡ್ತೀರಲ್ಲ, ನಿಮಗೆ ಏನೂ ಅನ್ಸಲ್ವಾ?”

ವ್ಯಾನಕ್ಕ ತನ್ನ ಮೊಣಕಾಲು ನೋಡುತ್ತ ಕೂತಿದ್ದಳು. ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಅಪ್ಪ ಕೈ ಚಾಚಿ ಅದನ್ನು ಆರಿಸಿದ.

“ಮಕ್ಕಳು ಕೇಳಿಸ್ಕೊಳ್ತಾ ಇದ್ದಾರಮ್ಮ” ಎಂದ. “ನನ್ನ ಮಗಳೂ ಕೇಳಿಸ್ಕೊಳ್ತಾ ಇದ್ದಾಳೆ. ನಾವು ಬರ್ತೀವಿ.”

ಅಷ್ಟೇ ಹೇಳಿ ಗಾಡಿ ತೆಗೆದ. ಯಾರೂ “ಹೂಂ” ಅಂದಿರಲಿಲ್ಲ. ಶಾಲೆಯ ಗೇಟು ತಲುಪಿದ ಮೇಲೆ ಹಿಂದಿನಿಂದ ನಾಯಿಮನೆ, “ಮಾಮಾ, ಪೇಂಟಂಗಡೀನ ಹತ್ತಿಸ್ಕೊಳ್ಲೇ ಇಲ್ಲ” ಎಂದ. ಹನ್ನೊಂದು ವರ್ಷದಲ್ಲಿ ಅವನು ಒಂದು ಮಗುವನ್ನು ಮರೆತದ್ದು ಅದೇ ಮೊದಲು. ತಿರುಗಿ ಹೋದಾಗ ಪೇಂಟಂಗಡಿ ಬಣ್ಣದ ಡಬ್ಬದ ಮೇಲೆ ಕೂತು ಬಿಕ್ಕುತ್ತಿದ್ದ. ಅಪ್ಪ ಇಳಿದು ಹೋಗಿ ಅವನನ್ನು ಎತ್ತಿಕೊಂಡು ಬಂದ. “ತಪ್ಪಾಯ್ತು ಕಣೋ, ತಪ್ಪಾಯ್ತು” ಎಂದು ಎಷ್ಟು ಸಲ ಹೇಳಿದನೆಂದರೆ, ಹುಡುಗನೇ ಕೊನೆಗೆ “ಪರ್ವಾಗಿಲ್ಲ ಬಿಡಿ ಮಾಮಾ” ಎಂದು ಅವನ ಬೆನ್ನು ತಟ್ಟಿದ.

ನೀಲಿಗೇಟಿನ ಮನೆಯವರು ಅಮ್ಮನಿಗೂ ಫೋನು ಮಾಡಿದ್ದರು. ಸಂಜೆ ವ್ಯಾನಕ್ಕ ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ನಾಳೆಯ ಕೆಲಸದ ಚೀಲ ಜೋಡಿಸುತ್ತಿದ್ದಳು. ಸೂಜಿಗಳು, ಹತ್ತಿ, ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ, ಕೆಂಪು ಮುಚ್ಚಳದ ಕೊಳವೆಗಳು ಒಂದು ಕಡೆ, ನೇರಳೆ ಮುಚ್ಚಳದವು ಇನ್ನೊಂದು ಕಡೆ.

“ನಿಜಾನಾ?” ಎಂದಳು.

“ನಿಜ.”

“ಯಾವಾಗಿಂದ?”

“ಅವಳ ವಿಷಯಾನಾ, ನನ್ನ ವಿಷಯಾನಾ?”

ಅಮ್ಮ ತಲೆ ಎತ್ತಿ ನೋಡಿದಳು. ಅವಳ ಕೈಯಲ್ಲಿ ನೇರಳೆ ಮುಚ್ಚಳದ ಕೊಳವೆ ಇತ್ತು. ಅದನ್ನು ಕೆಂಪಿನ ಸಾಲಿಗೆ ಇಟ್ಟಳು. “ಇದೆಲ್ಲ ವಯಸ್ಸಿಂದು. ಹೋಗುತ್ತೆ” ಎಂದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಹಳ ಹೊತ್ತು ಸುರಿಯಿತು. ವ್ಯಾನಕ್ಕ ಕೂತು ಆ ನೇರಳೆ ಕೊಳವೆಯನ್ನು ಅದರ ಜಾಗಕ್ಕೆ ಇಟ್ಟಳು.

ಶಾಲೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ, ಗೋಡೆಯ ಮೇಲೆ ಏನೂ ಬರೆಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುದ್ದಿ ಹೇಗೋ ಹರಡಿತ್ತು, ಅಷ್ಟೇ. ಅವಳು ಊಟದ ಡಬ್ಬಿ ತೆಗೆದರೆ ಪಕ್ಕದ ಡಬ್ಬಿಗಳು ಒಂದೊಂದೇ ಗೇಣು ಆಚೆ ಸರಿಯುತ್ತಿದ್ದವು. ಪ್ರಯೋಗಾಲಯದಲ್ಲಿ ನೀಲಿಗೇಟು ಬೇರೆ ಮೇಜಿಗೆ ಹೋದಳು. ಅಲ್ಲಿನ ಕೆಲಸ ಇಬ್ಬರದು: ಒಬ್ಬರು ಮೇಲಿನ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಡಬೇಕು, ಇನ್ನೊಬ್ಬರು ಕೆಳಗಿನ ಬುಡ್ಡಿಯನ್ನು ಅಲ್ಲಾಡಿಸುತ್ತ ಬಣ್ಣ ಯಾವಾಗ ಬದಲಾಗುತ್ತದೆಂದು ನೋಡಬೇಕು. ವ್ಯಾನಕ್ಕ ಎಡಗೈಯಲ್ಲಿ ಹನಿ ಬಿಡುವುದನ್ನೂ ಬಲಗೈಯಲ್ಲಿ ಬುಡ್ಡಿ ಅಲ್ಲಾಡಿಸುವುದನ್ನೂ ಕಲಿತಳು. ಪ್ರತಿ ಸಲವೂ ಒಂದು ಹನಿ ಹೆಚ್ಚಾಗಿ ಬಣ್ಣ ಕಡುವಾಗುತ್ತಿತ್ತು. ಮೇಷ್ಟ್ರು, “ಜೊತೆಗೆ ಯಾರನ್ನಾದ್ರೂ ಸೇರಿಸ್ಕೋ” ಎಂದರು. ಅವಳು “ಹೂಂ ಸರ್” ಎಂದಳು.

ಆದರೆ ಇದೆಲ್ಲಕ್ಕಿಂತ ಅವಳನ್ನು ಕುಗ್ಗಿಸಿದ್ದು ಬೆಳಗಿನ ದಾರಿ. ನೀಲಿಗೇಟು ವ್ಯಾನು ಬಿಟ್ಟ ಮೇಲೆ ಆ ಬೀದಿಗೆ ಹೋಗುವ ಕಾರಣವೇ ಇರಲಿಲ್ಲ. ಮೂಲೆಮನೆಯಿಂದ ನೇರ ರಸ್ತೆ ಹಿಡಿದರೆ ಏಳು ನಿಮಿಷ ಉಳಿಯುತ್ತಿತ್ತು. ಆದರೂ ಅಪ್ಪ ದಿನವೂ ಸುತ್ತು ಹಾಕಿ ಅದೇ ಬೀದಿಯಲ್ಲೇ ಹೋಗುತ್ತಿದ್ದ. ನೀಲಿ ಗೇಟು ಬಂದಾಗ ಎರಡನೇ ಗೇರಿಗೆ ಇಳಿಸುತ್ತಿದ್ದ. ಕೆಲವು ದಿನ ಅಣ್ಣನ ಬೈಕಿನ ಹಿಂದೆ ಅವಳು ಹತ್ತುತ್ತಿರುವುದು ಕಾಣುತ್ತಿತ್ತು. ಅವಳು ವ್ಯಾನಿನ ಸದ್ದಿಗೆ ತಲೆ ತಗ್ಗಿಸುತ್ತಿದ್ದಳು. ಕೆಲವು ದಿನ ಖಾಲಿ ಗೇಟು.

“ಮಾಮಾ, ನೀಲಿಗೇಟಕ್ಕ ಬರಲ್ವಲ್ಲ, ಈ ಕಡೆ ಯಾಕೆ ಹೋಗೋದು?” ಎಂದು ಮೂರನೇ ಮಹಡಿ ಕೇಳಿದಳು.

“ಆ ಕಡೆ ರಸ್ತೆ ಅಗೆದಿದ್ದಾರೆ ಪುಟ್ಟಿ.”

ಯಾವ ರಸ್ತೆಯನ್ನೂ ಅಗೆದಿರಲಿಲ್ಲ. ಅದು ವ್ಯಾನಕ್ಕನಿಗೆ ಗೊತ್ತಿತ್ತು. ಬೇರೆಯವರು ಬೈದು ಮುಗಿಸುತ್ತಾರೆ, ಅಪ್ಪ ಗಾಯದ ಮೇಲೆ ದಿನಕ್ಕೊಂದು ಬರೆ ಎಳೆಯುತ್ತಿದ್ದಾನೆ ಎಂದುಕೊಂಡಳು. ಹೊಡೆಯಲು ಕೈ ಬಾರದವನು, ಬೈಯಲು ಬಾಯಿ ಬಾರದವನು, ಸ್ಟೇರಿಂಗಿನಿಂದ ಶಿಕ್ಷೆ ಕೊಡುತ್ತಿದ್ದಾನೆ. ಅವಳು ಆ ಬೀದಿಯಲ್ಲಿ ಕಣ್ಣು ಮುಚ್ಚಿ ಕೂರತೊಡಗಿದಳು. ಮುಚ್ಚಿದರೂ ಎರಡನೇ ಗೇರಿನ ಸದ್ದು ಕೇಳುತ್ತಿತ್ತು.

ಆರನೇ ವಾರ, ಪ್ರಯೋಗಾಲಯ ಮುಗಿದ ಮೇಲೆ, ಗಾಜಿನ ಸಾಮಾನು ತೊಳೆಯುವ ತೊಟ್ಟಿಯ ಬಳಿ ನೀಲಿಗೇಟು ಬಂದು ಪಕ್ಕದಲ್ಲಿ ನಿಂತಳು. ಬೇರೆ ಯಾರೂ ಇರಲಿಲ್ಲ. ಅವಳು ಸಣ್ಣಗಾಗಿದ್ದಳು.

“ನಿಂಗೆ ಸಿಟ್ಟಿದ್ಯಾ?”

“ಇಲ್ಲ.”

“ನಾನು ಮನೇಲಿ ಹೇಳ್ಬಿಟ್ಟಿದ್ದೀನಿ. ನೀನೇ ಎಲ್ಲಾ ಶುರು ಮಾಡಿದ್ದು, ನಂಗೇನೂ ಗೊತ್ತಿರ್ಲಿಲ್ಲ ಅಂತ.” ಅವಳು ನಲ್ಲಿಯನ್ನು ಜೋರು ಮಾಡಿದಳು, ಮಾತು ಆಚೆ ಹೋಗದ ಹಾಗೆ. “ಸುಳ್ಳು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಹಾಗೆ ಹೇಳದೇ ಇದ್ದಿದ್ರೆ ಶಾಲೆ ಬಿಡಿಸ್ತಿದ್ರು.”

ವ್ಯಾನಕ್ಕ ಬುಡ್ಡಿಯೊಳಗೆ ಬ್ರಷ್ಷು ತಿರುಗಿಸುತ್ತಲೇ ಇದ್ದಳು. ಅದು ಆಗಲೇ ಸ್ವಚ್ಛವಾಗಿತ್ತು. “ಒಳ್ಳೇದೇ ಮಾಡ್ದೆ” ಎಂದಳು.

“ನಂಗೆ ನಿನ್ನಷ್ಟು ಧೈರ್ಯ ಇಲ್ಲ ಕಣೇ.”

“ನಂಗೆಲ್ಲಿದೆ ಧೈರ್ಯ? ಕೇಳಿದ್ರು, ನಿಜ ಅಂದೆ. ಸುಳ್ಳು ಹೊಳೀಲಿಲ್ಲ ಅಷ್ಟೇ.”

ನೀಲಿಗೇಟು ನಗಲು ಹೋಗಿ ಅತ್ತಳು. “ಇನ್ಮೇಲೆ ಮಾತಾಡೋದು ಬೇಡ. ನೋಡೋದೂ ಬೇಡ. ನೀವು ದಿನಾ ನಮ್ಮ ಬೀದೀಲಿ ಯಾಕೆ ಬರ್ತೀರಿ? ಅಮ್ಮ ಕಿಟಕೀಲೇ ನಿಂತಿರ್ತಾಳೆ. ನೀವು ಹೋದ್ಮೇಲೆ ನಂಗೆ ಬೈಗುಳ ಶುರು. ಬರ್ಬೇಡಿ.” ಅವಳು ಒದ್ದೆ ಕೈಯಿಂದ ವ್ಯಾನಕ್ಕನ ಮಣಿಕಟ್ಟನ್ನು ಒಂದೇ ಕ್ಷಣ ಹಿಡಿದು, ಬಿಟ್ಟು, ಹೊರಟುಹೋದಳು.

ಮರುದಿನ ಶನಿವಾರ. ಮಧ್ಯಾಹ್ನ ಮಕ್ಕಳನ್ನೆಲ್ಲ ಬಿಟ್ಟು ಬಂದ ಮೇಲೆ ಅಪ್ಪ ವ್ಯಾನು ತೊಳೆಯುತ್ತಿದ್ದ. ಮನೆಯ ಮುಂದೆ ಎರಡು ಬಕೆಟ್ ನೀರು, ಒಂದು ಹಳೆಯ ಬನಿಯನ್ನು. ಸೀಟುಗಳ ಕೆಳಗಿನಿಂದ ಗುಡಿಸಿದ ಕಸ ಒಂದು ಗುಡ್ಡೆಯಾಗಿತ್ತು: ಪೆನ್ಸಿಲ್ ಸಿಪ್ಪೆ, ಬಿಸ್ಕತ್ತಿನ ಪುಡಿ, ಒಂಟಿ ಕಾಲುಚೀಲ. ವ್ಯಾನಕ್ಕ ಹೊಸಿಲ ಮೇಲೆ ನಿಂತು ನೋಡಿದಳು. ಆರು ವಾರದಿಂದ ಅವಳೊಳಗೆ ಬಿಗಿದುಕೊಂಡಿದ್ದದ್ದು ಒಮ್ಮೆಲೇ ಕಿತ್ತುಕೊಂಡು ಬಂತು.

“ಅಪ್ಪಾ, ಸಾಕು. ಇನ್ನೆಷ್ಟು ದಿನ ನಂಗೆ ಹೀಗೆ ಶಿಕ್ಷೆ ಕೊಡ್ತೀಯ?”

ಅಪ್ಪ ಬನಿಯನ್ನು ಹಿಂಡುತ್ತಿದ್ದವನು ಹಾಗೇ ನಿಂತ. “ಶಿಕ್ಷೆನಾ? ಏನು ಶಿಕ್ಷೆ?”

“ದಿನಾ ಆ ಗೇಟಿನ ಮುಂದೆ ಕರ್ಕೊಂಡು ಹೋಗಿ ನಿಧಾನ ಮಾಡೋದು. ನೋಡು, ಏನ್ ಮಾಡ್ಕೊಂಡಿದ್ದೀಯ ನೋಡು ಅಂತ ತಾನೇ?”

ಅಪ್ಪ ಮಗಳನ್ನು ನೋಡಿದ. ನೀರು ಅವನ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಅವನ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ. ಪೇಂಟಂಗಡಿಯನ್ನು ಮರೆತು ಬಂದ ದಿನ ಇದ್ದ ಮುಖ ಅದು.

“ಅಯ್ಯೋ, ಇಲ್ಲ ಮಗಾ” ಎಂದ. “ನಿಂಗೆ ಅವಳನ್ನ ನೋಡ್ಬೇಕು ಅನ್ಸುತ್ತೇನೋ ಅಂತ. ಶಾಲೇಲಿ ಮಾತು ಬಿಟ್ಟಿದ್ದಾಳೆ ಅಂತ ಮೂಲೆಮನೆ ಹೇಳ್ದ. ದೂರದಿಂದಾದ್ರೂ ಕಾಣ್ಲಿ ಅಂತ ಸುತ್ತು ಹಾಕ್ತಿದ್ದೆ.”

ವ್ಯಾನಕ್ಕ ಹೊಸಿಲ ಮೇಲೆ ಕೂತಳು.

“ಮತ್ತೆ ನನ್ನ ಮುಂದೆ ಯಾಕೆ ಕೂರಿಸ್ದೆ?”

“ಹಿಂದಿನ ಗಾಜಲ್ಲಿ ನಂಗೆ ಕಂಡ್ರೆ ದಾರೀಲಿ ಹೋಗೋರಿಗೂ ಕಾಣುತ್ತಲ್ವಾ? ಹೆದರ್ಕೊಂಡೆ. ಆ ಹೆದರಿಕೇಲಿ ಇದ್ದಿದ್ದನ್ನೂ ಕೆಡಿಸ್ದೆ.” ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ. “ನಂಗೆ ಏನ್ ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ ಮಗಾ. ಯಾರನ್ನ ಕೇಳ್ಲಿ? ಟೈರ್ ವಿಷಯ ಆದ್ರೆ ಬೇರೆ ಡ್ರೈವರ್‌ಗಳನ್ನ ಕೇಳ್ಬಹುದು. ಅದಕ್ಕೇ ರೇಡಿಯೋ ಹಾಕ್ದೆ.”

“ನಿಂಗೆ ನನ್ನ ಮೇಲೆ ಸಿಟ್ಟಿಲ್ವಾ?”

“ಭಯ ಇದೆ. ಸಿಟ್ಟು ಇಲ್ಲ. ಬೆಳಗಾದ್ರೆ ಹನ್ನೆರಡು ಬಾಗಿಲಲ್ಲಿ ನಿಂತ್ಕೋತೀನಿ, ಯಾವ್ಯಾವ ಮನೇಲಿ ಎಂಥೆಂಥ ಮಾತಾಡ್ತಾರೆ ಅಂತ ನಂಗೆ ಗೊತ್ತು. ನೀನು ಅವನ್ನೆಲ್ಲ ಒಬ್ಬಳೇ ಕೇಳಿಸ್ಕೋಬೇಕಲ್ಲ ಅಂತ ಭಯ.”

ಅವಳು ಮೊಣಕಾಲಿನೊಳಗೆ ಮುಖ ಇಟ್ಟು ಅತ್ತಳು. ಅಪ್ಪ ತಬ್ಬಿಕೊಳ್ಳಲಿಲ್ಲ, ಅವನ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಒಂದು ಒದ್ದೆ ಬೆರಳನ್ನು ಅವಳ ಪಾದದ ಮೇಲೆ ಇಟ್ಟು ಕೂತ.

“ಅವಳನ್ನ ನೋಡಿದ್ರೆ ನೋವಾಗುತ್ತಪ್ಪ.”

“ನೋಡದೇ ಇದ್ರೆ?”

“ಆಗಲೂ ಆಗುತ್ತೆ.”

“ಯಾವ್ದು ಕಡಿಮೆ ಹೇಳು. ಹಾಗೇ ಓಡಿಸ್ತೀನಿ.”

ಅವಳು ತೊಟ್ಟಿಯ ಬಳಿ ನೀಲಿಗೇಟು ಹೇಳಿದ್ದನ್ನು ಹೇಳಿದಳು; ಆ ಕಿಟಕಿಯ ವಿಷಯವನ್ನೂ. ಅಪ್ಪ ಹಣೆ ಚಚ್ಚಿಕೊಂಡ. ಸೋಮವಾರ ಮೂಲೆಮನೆ ದಾಟಿದ ಮೇಲೆ ಅವನು ನೇರ ರಸ್ತೆ ಹಿಡಿದ. “ಅಗೆದಿದ್ದು ಮುಚ್ಚಿದ್ರು” ಎಂದು ಮೂರನೇ ಮಹಡಿಗೆ ವರದಿ ಒಪ್ಪಿಸಿದ. ರೇಡಿಯೋ ಹಾಕಲಿಲ್ಲ. ಹಳೆಯ ಅಪ್ಪನ ಹಾಗೆ ಮಾತಾಡಲು ಶುರುಮಾಡಿ, ನಡುವೆ ತಡವರಿಸಿ, ಮತ್ತೆ ಶುರುಮಾಡಿದ. ಆ ಏಳು ನಿಮಿಷ ಉಳಿದದ್ದರಿಂದ ಶಾಲೆಯ ಗೇಟು ಇನ್ನೂ ತೆರೆದಿರಲಿಲ್ಲ. ಎಲ್ಲರೂ ವ್ಯಾನಿನಲ್ಲೇ ಕೂತು ಕಾದರು.

ಅದರಿಂದ ಅವಳ ಒಂಟಿತನವೇನೂ ಹೋಗಲಿಲ್ಲ. ಅಪ್ಪ ಅಪ್ಪನೇ, ಬೋರ್ಡನ್ನು ಉಲ್ಟಾ ಓದಲು ಅವನಿಗೆ ಬರುವುದಿಲ್ಲ. ಪ್ರಯೋಗಾಲಯದ ಮೇಜಿನಲ್ಲಿ ವರ್ಷದ ಕೊನೆಯವರೆಗೂ ಅವಳೊಬ್ಬಳೇ ಇದ್ದಳು, ಮುಂದಿನ ವರ್ಷವೂ. ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿದ ವಾರವೇ ನೀಲಿಗೇಟನ್ನು ಬೇರೆ ಊರಿನ ಸೋದರತ್ತೆಯ ಮನೆಗೆ ಓದಲು ಕಳಿಸಿದರು. ಹೋಗುವ ಮುಂಚೆ ಅವಳು ಹೇಳಿ ಕಳಿಸಲಿಲ್ಲ. ವ್ಯಾನಕ್ಕನಿಗೆ ಆ ಸುದ್ದಿ ಬಂದದ್ದು ನಾಯಿಮನೆಯಿಂದ, ಹತ್ತು ದಿನ ತಡವಾಗಿ. ಅಂದು ಅವಳು ಊಟ ಬೇಡವೆಂದು ಮಲಗಿದಳು. ಅಮ್ಮ ಬಾಗಿಲವರೆಗೆ ಬಂದು, ನಿಂತು, ಹೋದ ಹೆಜ್ಜೆ ಸದ್ದು ಕೇಳಿಸಿತು.

ಅಮ್ಮ ಆ ವಿಷಯ ಎತ್ತಿ ಒಂದೂವರೆ ವರ್ಷವಾಗಿತ್ತು. ಹೋಗುತ್ತೆ ಎಂದಿದ್ದಳಲ್ಲ, ಹೋಗಲಿ ಎಂದು ಕಾಯುತ್ತಿದ್ದಳು. ವ್ಯಾನಕ್ಕ ಕಾಲೇಜಿಗೆ ಸೇರಿದ ಮೇಲೆ, ಒಂದು ಭಾನುವಾರ, ಅಮ್ಮ ಬೆಳಗಿನ ಮನೆಗಳನ್ನು ಮುಗಿಸಿ ಬಂದು ಚಪ್ಪಲಿ ಬಿಡುವ ಮುಂಚೆಯೇ ಮಾತಿಗೆ ನಿಂತಳು.

“ಇವತ್ತು ಹೊಸದೊಂದು ಮನೆಗೆ ಹೋಗಿದ್ದೆ. ಇಬ್ಬರೇ ಹೆಂಗಸರು. ಅರವತ್ತು ದಾಟಿರ್ಬೇಕು. ಅಕ್ಕತಂಗೀರಾ ಅಂತ ಕೇಳ್ದೆ.”

ವ್ಯಾನಕ್ಕ ಓದುತ್ತಿದ್ದ ಪುಸ್ತಕವನ್ನು ತೊಡೆಯ ಮೇಲಿಟ್ಟಳು.

“ಅಲ್ಲ ಅಂದ್ರು. ಅಷ್ಟೇ. ಮುಂದೆ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.” ಅಮ್ಮ ಕೆಲಸದ ಚೀಲವನ್ನು ಭುಜದಿಂದ ಇಳಿಸಲೇ ಇಲ್ಲ. “ಒಬ್ಬರಿಗೆ ಸೂಜಿ ಅಂದ್ರೆ ಜೀವ ಹೋಗುತ್ತೆ. ಇನ್ನೊಬ್ಬರು ಪಕ್ಕದಲ್ಲಿ ಕೂತು ಅವರ ಕಣ್ಣನ್ನ ಕೈಯಿಂದ ಮುಚ್ಚಿ ಹಿಡ್ಕೊಂಡ್ರು. ಇಪ್ಪತ್ತು ವರ್ಷದಲ್ಲ, ಮೂವತ್ತು ವರ್ಷದ ಅಭ್ಯಾಸ ಅದು, ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಪ್ಪ ಒಂದು ದಿನ ನನ್ನ ಕಣ್ಣು ಹಾಗೆ ಮುಚ್ಚಿಲ್ಲ.”

“ನಿಂಗೆ ಸೂಜಿ ಭಯ ಇಲ್ವಲ್ಲಮ್ಮ.”

“ಇಲ್ಲ ಅಂತ ಯಾರು ಹೇಳಿದ್ದು?” ಎಂದಳು ಅಮ್ಮ. ಕುರ್ಚಿ ಎಳೆದು ಕೂತಳು. “ಮನೆ ಚೆನ್ನಾಗಿಟ್ಕೊಂಡಿದ್ದಾರೆ. ಕಿಟಕಿ ತುಂಬ ಗಿಡ.”

“ಎಲ್ಲಿ ಅವರ ಮನೆ?”

“ಅದೆಲ್ಲ ಹೇಳ್ಬಾರ್ದು. ಕೆಲಸದ ನಿಯಮ.”

ಹೊರಗೆ ಅಪ್ಪ ವ್ಯಾನಿನ ಬಾನೆಟ್ಟು ಎತ್ತಿ ಯಾರಿಗೋ ಏನೋ ವಿವರಿಸುತ್ತಿದ್ದ. ಬಹುಶಃ ಎಂಜಿನ್ನಿಗೇ. ವ್ಯಾನಕ್ಕ ತನಗೆ ಅರಿವಿಲ್ಲದೆಯೇ ಕೇಳಿದಳು: “ಅಮ್ಮಾ, ಅವರು ಸಂತೋಷವಾಗಿದ್ರಾ?”

“ಸೂಜಿ ಚುಚ್ಚುವಾಗ ಯಾರು ಸಂತೋಷವಾಗಿರ್ತಾರೆ?” ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು, ತಪ್ಪು ಉತ್ತರ ಕೊಡಬಾರದೆಂಬ ಹಾಗೆ. “ಆಮೇಲೆ ನಗ್ತಿದ್ರು. ಹಸಿವಾಗಿದೆ ಅಂತ ಒಬ್ಬರ ಮೇಲೊಬ್ಬರು ರೇಗಾಡ್ತಾ ನಗ್ತಿದ್ರು.” ಅವಳು ಮಗಳ ಮುಖವನ್ನು ನೇರವಾಗಿ ನೋಡಿದಳು. “ನಂಗೆ ಇನ್ನೂ ಪೂರ್ತಿ ಅರ್ಥ ಆಗಿಲ್ಲ. ಆದ್ರೆ ಹೋಗುತ್ತೆ ಅಂತ ಅವತ್ತು ಹೇಳಿದ್ನಲ್ಲ, ಅದು ನಿಂಗೆ ಹೇಳೋ ಮಾತಾಗಿರ್ಲಿಲ್ಲ. ನಂಗೆ ನಾನೇ ಹೇಳ್ಕೊಂಡಿದ್ದು.”

ಆಮೇಲೆ ಎದ್ದು, ಚಪ್ಪಲಿ ಬಿಟ್ಟು, ಕೈ ತೊಳೆಯಲು ಒಳಗೆ ಹೋದಳು. ವ್ಯಾನಕ್ಕ ಪುಸ್ತಕ ಮತ್ತೆ ತೆರೆದಳು, ಅದೇ ಪುಟ. ಎಲ್ಲೋ ಈ ಊರಲ್ಲೇ, ಹೇಳಬಾರದ ಯಾವುದೋ ಬೀದಿಯಲ್ಲಿ, ಇಬ್ಬರು ಹೆಂಗಸರು ಈಗ ತಿಂಡಿಗೆ ಕೂತಿರಬೇಕು. ಅವರಿಗೆ ಇವಳು ಗೊತ್ತಿಲ್ಲ, ಎಂದೂ ಗೊತ್ತಾಗುವುದೂ ಇಲ್ಲ. ಒಳಗಿನಿಂದ ಅಮ್ಮ, “ತಿಂಡಿಗೆ ಬಾ, ನಿಮ್ಮಪ್ಪನ್ನೂ ಕರಿ” ಎಂದು ಕೂಗಿದಳು. ಅವಳು ಎದ್ದು ಅಪ್ಪನನ್ನು ಕರೆಯಲು ಹೊರಗೆ ಹೋದಳು.